ಈ ವಾರದ ಕಳ್ಳ

ಮೆಟ್ಟಿಲ ತಿರುವಿನಲ್ಲಿ ಯಾರದೋ ಫೋನಿನಿಂದ ಗುಬ್ಬಿಯ ದನಿ, ಒಂದೂವರೆ ಪಟ್ಟು ವೇಗದಲ್ಲಿ, ಚಿಲಿಪಿಲಿ ಚಿಲಿಪಿಲಿ — ಇಲ್ಲೂ ಬಂದಳೇ, ಈ ಮಹಡಿಯನ್ನಾದರೂ ನನಗೆ ಬಿಟ್ಟಿರಬಹುದು ಎಂದುಕೊಂಡಿದ್ದೆ — ಕಿಟಕಿಯ ಕಟ್ಟೆಯ ಮೇಲೆ ಕೂತ ಇಬ್ಬರು ಹುಡುಗಿಯರು ನನ್ನನ್ನು ಕಂಡು ದಡಬಡಿಸಿ ಎದ್ದು ಗುಡ್ ಮಾರ್ನಿಂಗ್ ಮೇಡಂ ಎನ್ನುತ್ತಾರೆ, ಎದ್ದರು, ಸರಿ, ಆದರೆ ಫೋನು ನಿಲ್ಲಿಸಲಿಲ್ಲ, ಅದು ಕೈಯಲ್ಲಿ ಹಾಡುತ್ತಲೇ ಇದೆ, ನನಗೆ ಎದ್ದು ನಿಲ್ಲುವ ಮರ್ಯಾದೆ, ಕಿವಿ ಮಾತ್ರ ಅವಳಿಗೆ. ಗುಡ್ ಮಾರ್ನಿಂಗ್, ಬೇಗ ಬನ್ನಿ ಕ್ಲಾಸಿಗೆ ಎಂದು ನಗುತ್ತೇನೆ, ನಗು ಮುಖದ ಮೇಲೆ ಒಣಗಿದ ಸೋಪಿನ ಹಾಗೆ ಬಿಗಿಯುತ್ತದೆ. ನನ್ನ ತಂಗಿಯನ್ನು ಬೇಕಾದ ವೇಗದಲ್ಲಿ ಕೇಳಬಹುದು, ಸಾಕೆನಿಸಿದರೆ ನಿಲ್ಲಿಸಬಹುದು, ಹಿಂದಕ್ಕೆ ಸರಿಸಿ ಅದನ್ನೇ ಇನ್ನೊಂದು ಸಲ ಹೇಳಿಸಬಹುದು, ಅವಳು ಬೇಸರಿಸುವುದಿಲ್ಲ, ಸೀನುವುದಿಲ್ಲ, ಸೀಮೆಸುಣ್ಣದ ಪುಡಿ ಅವಳ ತೋಳಿಗೆ ಮೆತ್ತುವುದಿಲ್ಲ. ಗುಬ್ಬಿ ಎಂದು ಹೆಸರಿಟ್ಟವಳು ನಾನೇ, ಹುಟ್ಟಿದಾಗ ಅಂಗೈಯಗಲ ಇದ್ದಳು, ಅಳುವುದೂ ಕಿಚಕಿಚ ಎಂದು. ಈಗ ಇಲ್ಲಿನ ಅರ್ಧಕ್ಕರ್ಧ ಮಕ್ಕಳು ಗುಬ್ಬಿ ಮೇಡಂ ಎನ್ನುತ್ತಾರಂತೆ, ಮನೆಯೊಳಗಿನ ಹೆಸರು ಅವರ ತನಕ ಹೇಗೆ ಹೋಯಿತೋ, ನಾನು ಕೊಟ್ಟ ಹೆಸರಿನಿಂದಲೇ ಅವಳಿಗೆ ಅಷ್ಟು ಪ್ರೀತಿ, ನಾನು ಬರೀ ಮೇಡಂ, ಮುಂದೊಂದು ಹಕ್ಕಿಯೂ ಇಲ್ಲ.

ಮೂರನೇ ಮಹಡಿ, ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿಟ್ಟ ಮುರುಕು ಕುರ್ಚಿಗಳು, ಪ್ರಯೋಗಶಾಲೆಯಿಂದ ಯಂತ್ರದ ಎಣ್ಣೆಯ ವಾಸನೆ — ಈ ವಾಸನೆಯೊಳಗೆ ನಾನು ಇಪ್ಪತ್ತು ವರ್ಷ ನಡೆದಿದ್ದೇನೆ, ಉಕ್ಕು ಎಷ್ಟು ಎಳೆದರೆ ಹರಿಯುತ್ತದೆ, ಕಾಂಕ್ರೀಟು ಎಲ್ಲಿ ಸೀಳು ಬಿಡುತ್ತದೆ, ಮರದ ತೊಲೆ ಎಷ್ಟು ಬಾಗಿ ಆಮೇಲೆ ಮುರಿಯುತ್ತದೆ, ಅದೇ ನನ್ನ ಪಾಠ, ಎಂಜಿನಿಯರಿಂಗ್ ಎರಡನೇ ವರ್ಷದ ಮಕ್ಕಳಿಗೆ ಅದು ಕಬ್ಬಿಣದ ಕಡಲೆ ಎಂದು ಹೆಸರಾಗಿತ್ತು, ನಾನು ಅದನ್ನು ಕಡಿದು ಬಾಯಿಗೆ ಹಾಕುತ್ತಿದ್ದೆ. ಈ ವರ್ಷ ಅದನ್ನು ಎರಡು ಪಾಲು ಮಾಡಿದರು. ಮುಖ್ಯಸ್ಥರನ್ನು ಬೆನ್ನ ಹಿಂದೆ ನಾವೆಲ್ಲ ಹೆಡ್ಡು ಎನ್ನುತ್ತೇವೆ, ಅದರಲ್ಲಿ ಗೌರವ ಎಷ್ಟು, ಇನ್ನೊಂದು ಎಷ್ಟು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಅವರು ಸಭೆಯಲ್ಲಿ ಎರಡೂ ಕೈಯ ಬೆರಳುಗಳನ್ನು ಹೆಣೆದು ತೋರಿಸಿದರು, ಹೀಗೆ, ಆನ್‌ಲೈನು ಕ್ಲಾಸ್‌ರೂಮು ಎರಡೂ ಬೆರೀಬೇಕು, ಪಾಠ ಮಕ್ಕಳು ಮನೇಲೇ ವಿಡಿಯೋ ನೋಡ್ಕೊಂಡು ಬರಲಿ, ಲೆಕ್ಕ ಬಿಡಿಸೋದು, ಡೌಟು ಕೇಳೋದು ಇಲ್ಲಿ, ತಂಗಿಯವರ ದನಿ ಚೆನ್ನಾಗಿದೆ, ಕ್ಯಾಮೆರಾಗೂ ಹೊಂದುತ್ತೆ, ವಿಡಿಯೋ ಅವರು ಮಾಡಲಿ, ನೀವು ಅನುಭವಸ್ಥರು ಮೇಡಂ, ನೀವು ಕ್ಲಾಸಲ್ಲಿ ಮಕ್ಕಳ ಕೈಹಿಡಿದು ನಡೆಸಿ. ಅನುಭವಸ್ಥರು. ಆ ಮಾತಿಗೆ ಇನ್ನೊಂದು ಅರ್ಥ ಏನೆಂದು ನನಗೆ ಗೊತ್ತಿಲ್ಲವೇ, ಕನ್ನಡಿ ಇದೆ ಮನೆಯಲ್ಲಿ. ಗುಬ್ಬಿ ಮೇಜಿನ ಆಚೆ ಬದಿಯಿಂದ ನನ್ನನ್ನೇ ನೋಡುತ್ತಿದ್ದಳು, ಅಕ್ಕ ಹೂಂ ಅಂದ್ರೆ ನಂದೂ ಹೂಂ ಎಂದಳು, ಎಲ್ಲರೂ ನನ್ನ ಕಡೆ ತಿರುಗಿದರು, ಇನ್ನು ನಾನು ಊಹೂಂ ಎಂದರೆ ಕಾಲೆಳೆಯುವವಳು ನಾನೇ ಆಗುತ್ತೇನೆ, ಹೂಂ ಎಂದೆ, ನನ್ನ ಬಾಯಿಂದಲೇ ಹೊರಡಿಸಿದಳು.

ಇವತ್ತು ಹೆಡ್ಡು ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ನೋಡೋಣ ಮೇಡಂ, ವಿಡಿಯೋ ಇಷ್ಟು ಚೆನ್ನಾಗಿ ನಡೀತಿರುವಾಗ ವಾರಕ್ಕೆ ಮೂರು ಕ್ಲಾಸ್ ಬೇಕಾ, ಒಂದು ಸಾಕಲ್ವಾ, ಒಂದು ಸಲ ಬಂದು ಕೂತು ನೋಡಿ ಹೇಳ್ತೀನಿ ಎಂದಿದ್ದಾರೆ, ಉಳಿದ ಹೊತ್ತು ನಾನೇನು ಮಾಡಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಬರಲಿ, ಇವತ್ತೇ ಬರಲಿ. ನನ್ನ ಹತ್ತಿರ ಈಗ ಒಂದು ವಸ್ತು ಇದೆ. ನೆನ್ನೆ ಸಂಜೆಯಿಂದ ಅದನ್ನು ನಾಲಿಗೆಯ ಕೆಳಗೆ ಪೆಪ್ಪರಮಿಂಟಿನ ಹಾಗೆ ಇಟ್ಟುಕೊಂಡು ಚೀಪುತ್ತಿದ್ದೇನೆ. ಊಟದ ಮೇಜಿನ ಮೇಲೆ ಮಗಳು ಲ್ಯಾಪ್‌ಟಾಪ್ ಹರಡಿಕೊಂಡು ಕೂತಿದ್ದಳು — ಅವಳು ಓದುವುದು ಬೇರೆ ಕಾಲೇಜು, ಅಮ್ಮನೂ ಚಿಕ್ಕಮ್ಮನೂ ಪಾಠ ಮಾಡೋ ಕಡೆ ನಾನು ಸತ್ತರೂ ಬರಲ್ಲ ಎಂದು ಹಟ ಹಿಡಿದು ದೂರದ ಬಸ್ಸು ಹತ್ತಿ ಹೋಗುವವಳು — ಆದರೂ ಓದುವುದು ಯಾರದು, ಚಿಕ್ಕಮ್ಮನದೇ. ನಾನೇ ಹೇಳ್ಕೊಡ್ತೀನಲ್ಲೇ, ಪಕ್ಕದಲ್ಲೇ ಇದೀನಲ್ಲ ಎಂದು ಮೊದಮೊದಲು ಕೇಳಿದ್ದೆ. ಬೇಡಮ್ಮ, ಚಿಕ್ಕಮ್ಮನ್ನ ನಿಲ್ಲಿಸಬಹುದು, ನಿನ್ನನ್ನ ನಿಲ್ಲಿಸೋಕೆ ಆಗಲ್ಲ. ಇವರು ಪತ್ರಿಕೆಯ ಹಿಂದಿನಿಂದ ಫಕ್ಕನೆ ನಕ್ಕರು, ನಾನು ಸುಮ್ಮನೆ ಒಲೆಯ ಹತ್ತಿರ ಹೋಗಿ ಕುದಿಯುತ್ತಿದ್ದುದನ್ನು ಕದಡಿದೆ, ಎಲ್ಲಿ ಏನು ಕುದಿಯುತ್ತಿತ್ತು ಎಂದು ಅವರಿಗೇನು ಗೊತ್ತು.

ನಾನು ಅವಳ ವಿಡಿಯೋ ನೋಡುವುದಿಲ್ಲ. ನೋಡಲಾರೆ. ಮೊದಲನೇ ವಾರ ಶುರು ಮಾಡಿದ್ದೆ, ಗುಬ್ಬಿ ಪರದೆಯ ಮೇಲೆ ಬಂದು ಎಲ್ಲರಿಗೂ ನಮಸ್ಕಾರ ಎಂದಳು, ಕೂದಲನ್ನು ಹಿಂದಕ್ಕೆ ಬಾಚಿದ್ದಾಳೆ, ಹಿಂದೆ ಬಿಳಿ ಗೋಡೆ, ಮೇಜಿನ ತುದಿಗೆ ಒಂದು ಸ್ಕೇಲನ್ನು ಇಟ್ಟು ಅರ್ಧ ಹೊರಗೆ ಚಾಚಿ, ಮೇಲೆ ದಪ್ಪ ಪುಸ್ತಕ ಒತ್ತಿಟ್ಟು ಇದು ನೋಡಿ, ಗೋಡೆಯಿಂದ ಹೊರಗೆ ಚಾಚಿದ ಹಲಗೆ ಎಂದು ತೋರಿಸಿದಳು, ಅಲ್ಲಿಗೇ ಮುಚ್ಚಿಬಿಟ್ಟೆ. ಆ ಸ್ಕೇಲು ನನ್ನದು. ಸ್ಕೇಲೆಂದರೆ ಸ್ಕೇಲಲ್ಲ, ಆ ಆಟ ನನ್ನದು, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಸ್ತಕದ ಚಿತ್ರ ಯಾರಿಗೂ ಅರ್ಥವಾಗದೆ ಇದ್ದಾಗ ಕಂಡುಕೊಂಡದ್ದು, ತುದಿಗೆ ರಬ್ಬರ್ ಇಟ್ಟು ನೋಡಿ ಬಾಗ್ತು, ಇನ್ನೊಂದು ಇಟ್ಟು ನೋಡಿ ಇನ್ನೂ ಬಾಗ್ತು ಎಂದು, ಆಗ ಮೊದಲನೇ ಬೆಂಚಿನಲ್ಲಿ ಬಾಯಿ ಬಿಟ್ಟುಕೊಂಡು ಕೂತು ನೋಡಿದವಳು ಯಾರು, ಇವಳೇ, ನನ್ನ ತಂಗಿ, ನನ್ನ ವಿದ್ಯಾರ್ಥಿನಿ. ನೆನ್ನೆ ಮಗಳ ಭುಜದ ಮೇಲಿಂದ ಕಣ್ಣು ಜಾರಿ ಬಿದ್ದದ್ದು ಅಷ್ಟೇ. ಗುಬ್ಬಿ ನೀಲಿ ಪೆನ್ನಿನಲ್ಲಿ ಹಲಗೆಯ ಕೆಳಗೆ ತ್ರಿಕೋನ ಬರೆಯುತ್ತಿದ್ದಳು, ಬಾಗಿಸುವ ಬಲ ಹಲಗೆಯ ಯಾವ ಜಾಗದಲ್ಲಿ ಎಷ್ಟು ಎಂದು ತೋರಿಸುವ ಚಿತ್ರ, ಅದು ಗೋಡೆಯ ಹತ್ತಿರ ದಪ್ಪಗಿದ್ದು ಹೊರತುದಿಗೆ ಬರುತ್ತ ಸೊನ್ನೆಯಾಗಬೇಕು — ಹಲಗೆ ಮುರಿದರೆ ಬುಡದಲ್ಲಿ ಮುರಿಯುತ್ತದೆ, ತುದಿಯಲ್ಲಿ ಅಲ್ಲ, ಇದು ಮರ ಹತ್ತಿದವರಿಗೂ ಗೊತ್ತು — ಅವಳು ಉಲ್ಟಾ ಬರೆದಳು. ಗೋಡೆಯ ಹತ್ತಿರ ಸೊನ್ನೆ, ತುದಿಯಲ್ಲಿ ದಪ್ಪ. ಬರೆದು, ಬಣ್ಣ ತುಂಬಿ, ನಕ್ಕು ಮುಂದಕ್ಕೆ ಹೋದಳು.

ಅಯ್ಯೋ ಆಗಿನ ನನ್ನ ಖುಷಿ. ಮಗಳು ಅಮ್ಮಾ ಬೆಳಕಿಗೆ ಅಡ್ಡ ಬರಬೇಡ ಎಂದಳು, ನಾನು ಸರಿದೆ, ಕಾಲು ನೆಲದ ಮೇಲೆ ಇರಲಿಲ್ಲ. ಇನ್ನೊಂದು ತುತ್ತು ಹೆಚ್ಚೇ ಇಳಿಯಿತು. ಇವರು ಏನು ಇವತ್ತು ಹಾಡು ಗುನುಗ್ತಿದೀಯ ಎಂದು ಕೇಳಿದರು, ನನಗೇ ಗೊತ್ತಿರಲಿಲ್ಲ ಗುನುಗುತ್ತಿದ್ದೇನೆ ಎಂದು. ಗುಬ್ಬಿ ಇಂಥ ತಪ್ಪು ಮಾಡುವವಳೇ — ಒಂದು ಗಳಿಗೆ ಅನ್ನಿಸಿತು, ಅನ್ನಿಸಿದ್ದನ್ನು ಅಲ್ಲೇ ಅದುಮಿದೆ, ಯಾಕೆ ಮಾಡಬಾರದು, ಬಣ್ಣದ ಪೆನ್ನು, ಕೂದಲು, ಬೆಳಕು ಎಂದು ನೂರು ಕಡೆ ಗಮನ, ಎದುರಿಗೆ ಯಾರೂ ಇಲ್ಲ, ಕ್ಲಾಸಾಗಿದ್ದರೆ ಯಾವನಾದರೂ ಕೈ ಎತ್ತಿ ಮೇಡಂ ಉಲ್ಟಾ ಆಯ್ತು ಎನ್ನುತ್ತಿದ್ದ, ಕ್ಯಾಮೆರಾ ಕೈ ಎತ್ತುತ್ತದೆಯೇ. ಅದೇ ನನ್ನ ಮಾತು, ಸಭೆಯಲ್ಲೂ ಅದನ್ನೇ ಹೇಳಬೇಕಿತ್ತು. ಅವಳಿಗೆ ಫೋನ್ ಮಾಡಿ ಒಂದು ಮಾತು ಹೇಳಬಹುದಾಗಿತ್ತು, ಗುಬ್ಬಿ, ಚಿತ್ರ ತಿರುಗಿದೆ, ಸರಿಮಾಡು ಎಂದು, ಅವಳು ಅಯ್ಯೋ ಥ್ಯಾಂಕ್ಸ್ ಅಕ್ಕಾ ಎಂದು ಸರಿಮಾಡುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ — ಅದಕ್ಕೇ ಮಾಡಲಿಲ್ಲ. ಹೆಡ್ಡಿನ ಎದುರಿಗೆ, ನನ್ನ ಬೋರ್ಡಿನ ಮೇಲೆ, ನನ್ನ ಕೈಯಿಂದ.

ಯಾಕೆಂದರೆ ನನಗೆ ಉಳಿದಿರುವುದು ಇದೊಂದು ಕೋಣೆ. ಮತ್ತು ಈ ಕೋಣೆ ಸತ್ತಿಲ್ಲ, ಅದನ್ನು ಯಾರೂ ನಂಬುವುದಿಲ್ಲ, ಈ ವರ್ಷ ಎಂದೂ ಇಲ್ಲದ ಪ್ರಶ್ನೆಗಳು ಬರುತ್ತಿವೆ. ಇಪ್ಪತ್ತು ವರ್ಷ ನಾನು ಡೌಟ್ ಇದೆಯಾ ಎಂದು ಕೇಳಿದರೆ ಫ್ಯಾನಿನ ಸದ್ದು ಬಿಟ್ಟು ಬೇರೆ ಉತ್ತರವಿರಲಿಲ್ಲ. ಈಗ ನಾನು ಡಸ್ಟರ್ ಕೆಳಗಿಡುವ ಮೊದಲೇ ಕೈ ಮೇಲೇಳುತ್ತವೆ. ಅವತ್ತು ಆ ಉದ್ದನೆಯವನು, ಬೆಂಚಿನಡಿ ಕಾಲು ಹಿಡಿಸದೆ ನಡುವಿನ ದಾರಿಗೆ ಚಾಚಿಕೊಂಡು ಕೂರುವವನು, ಮೇಡಂ, ಕಂಬಿ ಎಳೆದರೆ ಉದ್ದ ಆಗುತ್ತೆ, ಸರಿ, ಹಾಗಾದ್ರೆ ದಪ್ಪ ಕಡಿಮೆ ಆಗಲ್ವಾ, ಆ ಉದ್ದ ಎಲ್ಲಿಂದ ಬಂತು ಎಂದು ಕೇಳಿದ. ನನ್ನ ಮೈ ಜುಂ ಎಂದಿತು. ಎಂಥ ಪ್ರಶ್ನೆ! ಯಾರದೋ ಕೂದಲಿನ ರಬ್ಬರ್ ಬ್ಯಾಂಡು ಇಸಿದುಕೊಂಡು ಎಳೆದು ತೋರಿಸಿದೆ, ನೋಡಿ, ಉದ್ದವೂ ಆಯ್ತು, ಸಣ್ಣಗೂ ಆಯ್ತು, ಎಲ್ಲರೂ ಓಹೋ ಎಂದರು, ಆ ಓಹೋ ಕಿವಿಯಲ್ಲಿ ವಾರವಿಡೀ ಇತ್ತು. ಮಧ್ಯಾಹ್ನ ಊಟದ ಕೋಣೆಯಲ್ಲಿ ಗುಬ್ಬಿಯ ಎದುರು ಬೇಕೆಂದೇ ಹೇಳಿದೆ, ಇವತ್ತು ಎಂಥ ಪ್ರಶ್ನೆ ಕೇಳಿದ ಗೊತ್ತಾ ಒಬ್ಬ, ಎದುರಿಗೆ ಮನುಷ್ಯರಿದ್ದರೆ ಮಾತ್ರ ಹುಟ್ಟೋ ಪ್ರಶ್ನೆ ಅದು. ಗುಬ್ಬಿ ಚಮಚ ಅಲ್ಲೇ ನಿಲ್ಲಿಸಿ ಕಣ್ಣರಳಿಸಿದಳು, ಹೌದಾ ಅಕ್ಕಾ? ನೀನೇನಂದೆ? ನಾನು ಹೇಳುತ್ತಲೇ ಹೋದೆ, ಅವಳು ಕೇಳುತ್ತಲೇ ಹೋದಳು, ಪಾಪ, ಇವಳಿಗೆಲ್ಲಿ ಇಂಥದ್ದು ಸಿಗಬೇಕು ಎಂದು ಒಂದು ಹಪ್ಪಳದಷ್ಟು ತೆಳ್ಳಗಿನ ಕನಿಕರವೂ ಬಂತು ನನಗೆ.

ಹೆಡ್ಡು ಬಂದಾಯಿತು, ಕೊನೆಯ ಬೆಂಚಿನ ತುದಿಯಲ್ಲಿ ಮೊಣಕಾಲು ಮಡಚಲಾಗದೆ ಅಡ್ಡಡ್ಡ ಕೂತಿದ್ದಾರೆ, ಕೂತ್ಕೊಳ್ಳಿ ಕೂತ್ಕೊಳ್ಳಿ, ನಾನು ಇಲ್ಲ ಅಂದ್ಕೊಳ್ಳಿ ಎನ್ನುತ್ತಾರೆ, ಅಷ್ಟು ದೊಡ್ಡ ಹೊಟ್ಟೆಯನ್ನು ಇಲ್ಲ ಎಂದುಕೊಳ್ಳುವುದು ಹೇಗೆ. ಕೋಣೆ ತುಂಬಿದೆ. ಸೀಮೆಸುಣ್ಣ ತೆಗೆದುಕೊಳ್ಳುತ್ತೇನೆ, ಗೋಡೆ ಬರೆಯುತ್ತೇನೆ, ಗೋಡೆಯಿಂದ ಚಾಚಿದ ಹಲಗೆ ಬರೆಯುತ್ತೇನೆ, ತುದಿಯಲ್ಲಿ ಭಾರಕ್ಕೆ ಒಂದು ಬಾಣ, ಕೆಳಗೆ ಅವಳ ತ್ರಿಕೋನ, ಅವಳು ಬರೆದ ಹಾಗೇ, ಉಲ್ಟಾ, ನೀಲಿ ಸೀಮೆಸುಣ್ಣವನ್ನೇ ಹುಡುಕಿ ತಂದಿದ್ದೆ, ಬಣ್ಣವನ್ನೂ ತುಂಬುತ್ತೇನೆ. ಬೆನ್ನು ಅವರ ಕಡೆ ಇರುವುದರಿಂದ ನನ್ನ ಮುಖ ಯಾರಿಗೂ ಕಾಣುವುದಿಲ್ಲ, ಒಳ್ಳೆಯದೇ. ತಿರುಗಿ ಹೇಳುತ್ತೇನೆ, ಇದು ನಿಮ್ಮ ಈ ವಾರದ ವಿಡಿಯೋದಲ್ಲಿರೋ ಚಿತ್ರ. ಚೆನ್ನಾಗಿ ನೋಡ್ಕೊಳ್ಳಿ. ಎಲ್ಲರೂ ನೋಡಿದೀರಿ, ಬರ್ಕೊಂಡಿದೀರಿ, ಅಲ್ವಾ — ಮುಂದಿನ ಮಾತು ಗಂಟಲಿನಲ್ಲಿ ಸಿದ್ಧವಾಗಿ ನಿಂತಿತ್ತು, ಇಡೀ ರಾತ್ರಿ ತಿದ್ದಿದ ಮಾತು, ಅದು ಹೊರಡುವ ಮೊದಲೇ ಕೈಗಳು ಎದ್ದವು. ಒಂದಲ್ಲ, ಎರಡಲ್ಲ. ಮುಂದಿನ ಸಾಲು, ನಡುವಿನ ಸಾಲು, ಕಿಟಕಿಯ ಹತ್ತಿರದವರು, ಬೆರಳು ಚಾಚಿ ಮೇಡಂ ಮೇಡಂ ಎಂದು, ಕೆಲವರು ಬೆಂಚಿನಿಂದ ಅರ್ಧ ಎದ್ದು. ತಂಗಿಯನ್ನು ಬಿಟ್ಟುಕೊಡುವುದಿಲ್ಲ ಇವರು, ವಾದಕ್ಕೆ ಬರುತ್ತಾರೆ ಎಂದುಕೊಂಡೆ, ಬರಲಿ. ಹೇಳಪ್ಪಾ ಎಂದೆ ಉದ್ದನೆಯವನಿಗೆ.

ಮೇಡಂ, ಕಳ್ಳ ಸಿಕ್ಕಿದಾನೆ.

ಯಾವ ಕಳ್ಳ?

ಈ ವಾರದ ಕಳ್ಳ, ಮೇಡಂ. ಕೋಣೆ ಗೊಳ್ಳೆಂದು ನಕ್ಕಿತು, ಅದು ನನ್ನನ್ನು ನೋಡಿ ನಕ್ಕದ್ದಲ್ಲ, ನಾನೂ ಆಟದಲ್ಲಿದ್ದೇನೆ ಎಂದು ನಕ್ಕದ್ದು, ಅದೇ ಹೆಚ್ಚು ಚುಚ್ಚಿತು, ಕತ್ತಿನ ತನಕ ಕೂದಲು ಕತ್ತರಿಸಿಕೊಂಡ ಹುಡುಗಿ ಅಷ್ಟರಲ್ಲಿ ಎದ್ದು ನಿಂತು ತುದೀಲಿ ದಪ್ಪ ಬರೆದಿದ್ದಾರೆ ಮೇಡಂ, ಗೋಡೆ ಹತ್ರ ದಪ್ಪ ಬರಬೇಕು, ನಾನು ಮನೇಲಿ ಸ್ಕೇಲ್ ಇಟ್ಟು ಒತ್ತಿ ನೋಡಿದೆ, ಬುಡದಲ್ಲೇ ಮುರೀತು, ನೋಡಿ ಎಂದು ಎರಡು ತುಂಡು ಪ್ಲಾಸ್ಟಿಕ್ ಎತ್ತಿ ತೋರಿಸುತ್ತಾಳೆ, ನಮ್ಮಮ್ಮ ಬೈದರು ಬೇರೆ. ಉದ್ದನೆಯವನು ಬಿಡುವುದಿಲ್ಲ, ಪ್ರತಿ ವಾರ ನಾವು ಡೌಟು ಅಂತ ಹಿಡಿದು ತರ್ತಿದ್ವಿ, ಈ ಸಲ ನೀವೇ ಬೋರ್ಡ್ ಮೇಲೆ ನಿಲ್ಲಿಸಿಬಿಟ್ರಿ ಮೇಡಂ, ಇದು ಮೋಸ. ಪ್ರತಿ ವಾರ. ಪ್ರತಿ ವಾರ ಏನು, ಎಂದು ನಾನು ಕೇಳಿರಬೇಕು, ಅಥವಾ ನನ್ನ ಮುಖ ಕೇಳಿರಬೇಕು, ಯಾಕೆಂದರೆ ಮುಂದಿನ ಬೆಂಚಿನಿಂದ ಇನ್ಯಾರೋ ಮೆಲ್ಲಗೆ, ಸಹಾಯ ಮಾಡುವವರ ದನಿಯಲ್ಲಿ ಹೇಳಿದರು, ಕೊನೇಲಿ ಹೇಳ್ತಾರಲ್ಲ ಮೇಡಂ, ಈ ಪಾಠದಲ್ಲಿ ಒಬ್ಬ ಕಳ್ಳನ್ನ ಬಚ್ಚಿಟ್ಟಿದೀನಿ, ಹಿಡಿದ್ರೆ ಕ್ಲಾಸಿಗೆ ಎಳ್ಕೊಂಡು ಹೋಗಿ ಒಪ್ಪಿಸಿ ಅಂತ, ಆ ಕಂಬಿದೂ ಹಾಗೇ, ವಿಡಿಯೋಲಿ ದಪ್ಪ ಹಾಗೇ ಇಟ್ಟಿದ್ರು, ನಾವು ಹಿಡಿದ್ವಿ. ಮತ್ತೆ ಸ್ಕೇಲಿನ ಆಟ ನಿಮ್ಮದೇ ಅಂತಾನೂ ಮೊದಲನೇ ವಾರವೇ ಹೇಳಿದಾರೆ.

ಫ್ಯಾನು ತಿರುಗುತ್ತಿತ್ತು. ಆ ಉದ್ದ ಎಲ್ಲಿಂದ ಬಂತು — ಎಲ್ಲಿಂದ ಬಂತು, ಗೊತ್ತಾಯಿತಲ್ಲ ಈಗ. ಎದುರಿಗೆ ಮನುಷ್ಯರಿದ್ದರೆ ಮಾತ್ರ ಹುಟ್ಟುವ ಪ್ರಶ್ನೆ. ಹೌದಾ ಅಕ್ಕಾ? ನೀನೇನಂದೆ? ಆ ಅರಳಿದ ಕಣ್ಣು, ನಿಂತ ಚಮಚ, ಅವಳಿಗೆ ಗೊತ್ತಿತ್ತು, ಪ್ರಶ್ನೆ ಅವಳದು, ಅವಳೇ ನೆಟ್ಟು, ನೀರು ಹೊಯ್ದು, ಬುತ್ತಿ ಕಟ್ಟಿ ಮಕ್ಕಳ ಕೈಯಲ್ಲಿ ನನಗೆ ಕಳಿಸಿದ್ದು, ನಾನು ಅದನ್ನು ಅವಳ ಎದುರಿಗೇ ಬಿಚ್ಚಿ ನೋಡು ನನಗೇನು ಸಿಕ್ಕಿದೆ ಎಂದು ತೋರಿಸಿದೆ. ಅವಳು ಒಳಗೊಳಗೆ ನಕ್ಕಳೇ, ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು, ನಕ್ಕಿದ್ದರೆ ನಾನು ಬೈಯಬಹುದಿತ್ತು. ಕೊನೆಯ ಬೆಂಚಿನಿಂದ ಹೆಡ್ಡು ಕಷ್ಟಪಟ್ಟು ಎದ್ದು ನಿಂತರು, ಏನ್ ಮೇಡಂ, ಅಕ್ಕತಂಗಿ ಸೇರ್ಕೊಂಡು ಒಳ್ಳೆ ಜಾಲ ಹೆಣೆದಿದೀರಲ್ಲ, ಅಲ್ಲಿ ಬಚ್ಚಿಡೋದು, ಇಲ್ಲಿ ಹಿಡಿಯೋದು, ಬೆರೆಸೋದು ಅಂದ್ರೆ ಇದು ನೋಡಿ, ಒಂದು ಕ್ಲಾಸ್ ಸಾಕು ಅಂದಿದ್ನಲ್ಲ, ಆ ಮಾತು ವಾಪಸ್, ಮೂರೂ ಇರಲಿ, ಬೇರೆ ವಿಭಾಗದವರಿಗೂ ಬಂದು ನೋಡೋಕೆ ಹೇಳ್ತೀನಿ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಉಲ್ಟಾ ತ್ರಿಕೋನದ ಪಕ್ಕದಲ್ಲಿ ನಿಂತು, ಕೈತುಂಬ ನೀಲಿ ಪುಡಿ, ಥ್ಯಾಂಕ್ಯೂ ಸರ್ ಎಂದೆ. ನನ್ನ ಕೋಣೆ ನನಗೆ ಉಳಿಯಿತು. ಉಳಿಸಿಕೊಟ್ಟವಳು ಅವಳು. ಗೆದ್ದರೂ ಅವಳ ಕೈಯಿಂದ ಗೆಲ್ಲಬೇಕೇ ನಾನು, ಇಷ್ಟು ವರ್ಷಕ್ಕೆ ಒಂದು ತಪ್ಪು ಮಾಡಿದಳಪ್ಪಾ ಎಂದರೆ ಆ ತಪ್ಪೂ ಸರಿಯಾಗಿರಬೇಕೇ.

ಆಮೇಲೆ ಊಟದ ಕೋಣೆ. ಗುಬ್ಬಿ ಆಗಲೇ ಕಿಟಕಿಯ ಹತ್ತಿರದ ಮೇಜಿನಲ್ಲಿ ಡಬ್ಬಿ ತೆರೆದು ನನಗಾಗಿ ಕಾಯುತ್ತಿದ್ದಾಳೆ, ಹೇಗಾಯ್ತು ಅಕ್ಕಾ, ಹೆಡ್ಡು ಏನಂದರು. ಮೂರೂ ಇರಲಿ ಅಂದರು. ಅವಳು ಎರಡೂ ಕೈಯಿಂದ ಮೇಜು ತಟ್ಟಿದಳು, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು, ನಂಗೊತ್ತಿತ್ತು, ನಂಗೊತ್ತಿತ್ತು ಎಂದು. ಆ ಸಂತೋಷ ನಿಜ, ಅದರಲ್ಲಿ ಒಂದು ಹನಿ ಬೆರಕೆ ಇಲ್ಲ, ನಾನು ಹುಡುಕಿದೆ, ಸಿಗಲಿಲ್ಲ, ಒಳ್ಳೆಯತನದಲ್ಲೂ ಇವಳದೇ ಮೇಲುಗೈ. ಕಳ್ಳನ ವಿಷಯ ನಂಗೆ ಯಾಕೆ ಹೇಳಲಿಲ್ಲ, ಕೇಳಿದೆ, ದನಿ ನಾನಂದುಕೊಂಡದ್ದಕ್ಕಿಂತ ಒರಟಾಗಿ ಬಂತು. ಅವಳು ಅರ್ಥವಾಗದೆ ನೋಡಿದಳು. ಏನನ್ನ? ಹೇಳಿದೀನಲ್ಲಕ್ಕಾ, ಮೊದಲನೇ ವಾರವೇ ಲಿಂಕ್ ಕಳಿಸಿ ಕೊನೇ ತನಕ ನೋಡು, ಬೇಡ ಅಂದ್ರೆ ತೆಗೀತೀನಿ ಅಂದಿದ್ದೆ. ನೀನು ಏನೂ ಅನ್ನಲಿಲ್ಲ, ಸರಿ, ಅಕ್ಕಂಗೆ ಹಿಡಿಸ್ತು ಅಂದ್ಕೊಂಡೆ. ನೀನು ರಬ್ಬರ್ ಬ್ಯಾಂಡ್ ಕಥೆ ಹೇಳಿದಾಗ ನಾಟಕ ಆಡ್ತಿದೀಯ ಅಂತಲೇ ಅಂದ್ಕೊಂಡಿದ್ದೆ ನಾನು, ಅದಕ್ಕೇ ನಾನೂ ಆಡಿದೆ. ಆಮೇಲೆ ಅವಳ ಮುಖದಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿಕೊಂಡವು, ಮೆಲ್ಲಗೆ ಕೇಳಿದಳು, ನೋಡಿಲ್ವಾ?

ನಾನು ಡಬ್ಬಿಯ ಮುಚ್ಚಳ ತಿರುವುತ್ತಿದ್ದೆ. ಬಿಗಿಯಾಗಿತ್ತು.

ಒಂದೂ ನೋಡಿಲ್ವಾ ಅಕ್ಕಾ?

ಟೈಮ್ ಆಗಿಲ್ಲ ಕಣೇ ಎನ್ನಬಹುದಿತ್ತು, ಮಗಳ ಪರೀಕ್ಷೆ, ಇವರ ಬೆನ್ನುನೋವು ಎನ್ನಬಹುದಿತ್ತು. ಗುಬ್ಬಿ ಕಣ್ಣೀರು ಹಾಕಲಿಲ್ಲ, ಮಾತೂ ಬೆಳೆಸಲಿಲ್ಲ. ಪರವಾಗಿಲ್ಲ ಬಿಡು ಎಂದಳು, ನಂಗೆ ರೆಕಾರ್ಡಿಂಗ್ ಇದೆ, ಮುಂದಿನ ವಾರದ್ದು, ಎಂದು ಅರ್ಧ ಉಂಡ ಡಬ್ಬಿಯನ್ನು ಮುಚ್ಚಿ, ಚಮಚ ಒರೆಸಿ, ಕುರ್ಚಿಯನ್ನು ಸದ್ದಾಗದಂತೆ ಒಳಕ್ಕೆ ಸರಿಸಿ ಹೋದಳು. ಚಿಕ್ಕವಳಿದ್ದಾಗಲೂ ಹಾಗೇ, ಬೈದರೆ ಅಳುತ್ತಿರಲಿಲ್ಲ, ಆಟದ ಸಾಮಾನನ್ನೆಲ್ಲ ನೀಟಾಗಿ ಜೋಡಿಸಿಟ್ಟು ಎದ್ದು ಹೋಗುತ್ತಿದ್ದಳು, ಅದರಿಂದ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ಈಗಲೂ ಬಂತು, ನೋವು ತಿನ್ನಬೇಕಾದವಳು ನಾನಲ್ಲವೇ ಇವತ್ತು, ಎಲ್ಲರೆದುರು ಮಂಗನಾದವಳು ನಾನು, ಆ ನೋವನ್ನೂ ಅವಳೇ ಎತ್ತಿಕೊಂಡು ಹೊರಟಳಲ್ಲ.

ಈಗ ಕ್ಲಾಸಿನಲ್ಲಿ ಯಾರೂ ಇಲ್ಲ. ಮಧ್ಯಾಹ್ನದ ಬಿಸಿಲು ಬೆಂಚುಗಳ ಮೇಲೆ ಅಡ್ಡ ಬಿದ್ದಿದೆ, ಬೋರ್ಡಿನ ಮೇಲೆ ನೀಲಿ ತ್ರಿಕೋನ ಹಾಗೇ ಇದೆ, ಅಳಿಸಬೇಕು, ಆಮೇಲೆ. ಫೋನು ತೆಗೆಯುತ್ತೇನೆ, ಈ ವಾರದ ವಿಡಿಯೋ, ಕೊನೆಗೆ ಸರಿಸುತ್ತೇನೆ, ಒಂದೂವರೆ ಪಟ್ಟಲ್ಲ, ಅವಳ ವೇಗದಲ್ಲೇ. ಇಷ್ಟೇ ಇವತ್ತಿಗೆ, ಹೋಗೋ ಮುಂಚೆ, ಈ ಪಾಠದಲ್ಲಿ ಒಬ್ಬ ಕಳ್ಳ ಇದಾನೆ, ಹಿಡಿದ್ರಾ, ಹಿಡಿದ್ರೆ ನಂಗೆ ಬರೀಬೇಡಿ, ಕ್ಲಾಸಿಗೆ ತಗೊಂಡು ಹೋಗಿ, ಅಲ್ಲಿರೋರು ನಂಗೆ ಕಲಿಸಿದ ಅಕ್ಕ, ಅಂದ್ರೆ ಮೇಡಂ, ಅವರು ಹೇಳೋ ಹಾಗೆ ನಂಗೆ ಹೇಳೋಕೆ ಬರಲ್ಲ — ಬಾಯಿ ತಪ್ಪಿ ಬಂದ ಅಕ್ಕನನ್ನು ಅವಳು ಕತ್ತರಿಸಿಲ್ಲ, ಹಾಗೇ ಬಿಟ್ಟಿದ್ದಾಳೆ, ಸಾವಿರಾರು ಜನ ಕೇಳಿದ್ದಾರೆ ಅದನ್ನು, ನನ್ನನ್ನು ಬಿಟ್ಟು. ಮಾತು ಮುಗಿಯಿತು. ನಗು ಇನ್ನೂ ಇದೆ, ಇಟ್ಟುಕೊಂಡಿದ್ದಾಳೆ, ಯಾರೋ ಇಟ್ಟುಕೊಂಡಿರಿ ಎಂದು ಹೇಳಿಕೊಟ್ಟ ಹಾಗೆ, ಒಂದು ಕ್ಷಣ, ಆಮೇಲೆ ಅದು ಇಳಿಯುತ್ತದೆ, ಗುಬ್ಬಿಯ ಮುಖ ಅಷ್ಟು ಖಾಲಿಯಾಗಿದ್ದುದನ್ನು ನಾನು ನೋಡಿಲ್ಲ, ಕಣ್ಣು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ಹೋಗುತ್ತದೆ, ಅಲ್ಲಿ ಯಾರೋ ಇದ್ದಾರೆ ಎಂಬಂತೆ, ಇಲ್ಲ, ಅಲ್ಲಿ ಯಾರೂ ಇಲ್ಲ, ಕೆಳ ಅಂತಸ್ತಿನ ರೆಕಾರ್ಡಿಂಗ್ ಕೋಣೆಯಲ್ಲಿ ಅವಳೊಬ್ಬಳೇ, ಆಮೇಲೆ ಕೈ ಮುಂದೆ ಬರುತ್ತದೆ, ನಿಲ್ಲಿಸುವ ಗುಂಡಿ ಒತ್ತಲು, ಬೆರಳುಗಳನ್ನು ಬಿಚ್ಚಿ, ಪರದೆಯ ತುಂಬ.

ಹಿಂದಿನ ವಾರದ್ದು. ಕಳ್ಳ ಇದಾನೆ, ಕ್ಲಾಸಿಗೆ ಹೋಗಿ, ನಗು, ನಗು ಇಳಿಯುತ್ತದೆ, ಕೈ. ಅದರ ಹಿಂದಿನದು, ಬೇರೆ ಬಟ್ಟೆ, ದನಿ ಸ್ವಲ್ಪ ಕಟ್ಟಿದೆ, ಶೀತವಾಗಿತ್ತೇನೋ, ಯಾರೂ ಹೇಳಲಿಲ್ಲ ನನಗೆ, ನಗು, ಖಾಲಿ, ಕೈ. ಮೆಟ್ಟಿಲ ತಿರುವಿನ ಆ ಇಬ್ಬರು ಹುಡುಗಿಯರು ನೋಡಿದ್ದಾರೆ ಈ ಮುಖವನ್ನು, ಉದ್ದನೆಯವನು ನೋಡಿದ್ದಾನೆ, ಕತ್ತರಿಸಿದ ಕೂದಲಿನವಳು ನೋಡಿದ್ದಾಳೆ, ನನ್ನ ಮಗಳು ಊಟದ ಮೇಜಿನ ಮೇಲೆ ವಾರ ವಾರ ನೋಡಿದ್ದಾಳೆ, ಗುರುತು ಪರಿಚಯ ಇಲ್ಲದವರೆಲ್ಲ ನೋಡಿದ್ದಾರೆ, ನನ್ನ ಗುಬ್ಬಿಯನ್ನು, ನಗು ಇಳಿದ ಮೇಲಿನ ಗುಬ್ಬಿಯನ್ನು, ಅವರಿಗೆ ಸಿಕ್ಕಿದ್ದಾಳೆ, ನನಗೆ ಸಿಕ್ಕಿಲ್ಲ, ಅವರ ಮೇಲೆಲ್ಲ ನನಗೆ ಈಗ ಎಂಥ ಹೊಟ್ಟೆಕಿಚ್ಚು, ಒಬ್ಬೊಬ್ಬರ ಕೈಯಿಂದಲೂ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಮೊದಲನೇ ವಾರದ್ದು. ನಾನು ಸ್ಕೇಲಿನ ಹತ್ತಿರ ಮುಚ್ಚಿಬಿಟ್ಟದ್ದು. ಇದರಲ್ಲಿ ನಗು ಇಳಿದ ಮೇಲೂ ಅವಳು ತಕ್ಷಣ ನಿಲ್ಲಿಸುವುದಿಲ್ಲ, ಕಾಯುತ್ತಾಳೆ, ಹೇಗಿತ್ತು ಎಂದು ಯಾರಾದರೂ ಹೇಳಲಿ ಎಂಬಂತೆ, ಕಾಯುತ್ತಾಳೆ, ಆಮೇಲೆ ಕೈ ಮುಂದೆ ಬರುತ್ತದೆ, ಮಧ್ಯದ ಬೆರಳಿನ ತುದಿಯಲ್ಲಿ ನೀಲಿ ಶಾಯಿ, ಅಂಗೈಯ ಗೆರೆಗಳು ಮಸುಕಾಗುವಷ್ಟು ಹತ್ತಿರ — ನಿಲ್ಲಿಸುತ್ತೇನೆ. ಮತ್ತೆ ಸ್ವಲ್ಪ ಹಿಂದಕ್ಕೆ. ಕಾಯುತ್ತಾಳೆ. ಕೈ. ಮತ್ತೆ ಹಿಂದಕ್ಕೆ, ಕಾಯುತ್ತಾಳೆ, ಕೈ ಮುಂದೆ ಬರುತ್ತದೆ, ಬೆರಳುಗಳನ್ನು ಬಿಚ್ಚಿ, ನೀಲಿ ಶಾಯಿ, ಪರದೆಯ ತುಂಬ ಕೈ